ಗೋಡೆಯಾಚೆ ಕೇಳಿಸಿಕೊಂಡವರು

‘ಬಿಗ್ ಲಿಟಲ್ ಲೈಸ್’ ಅನ್ನುವ ಇಂಗ್ಲಿಷ್ ಟಿವಿ ಸರಣಿ ಶುರುವಾಗುವುದೇ ಒಂದು ಸಾವಿನಿಂದ. ಶಾಲೆಯೊಂದಕ್ಕೆ ದುಡ್ಡು ಕೂಡಿಸಲು ನಡೆಸಿದ ಪಾರ್ಟಿ, ರಾತ್ರಿ ಹೊತ್ತು, ಪೊಲೀಸರು. ಸತ್ತವರು ಯಾರು ಅಂತ ಹೇಳುವುದಿಲ್ಲ. ಸಾಯಿಸಿದವರು ಯಾರು ಅಂತಲೂ ಹೇಳುವುದಿಲ್ಲ. ಎರಡೂ ಗೊತ್ತಾಗುವುದು ಏಳನೇ ಕಂತಿನ ಕೊನೆಯಲ್ಲಿ.

ಲಿಯಾನ್ ಮೊರಿಯಾರ್ಟಿ 2014ರಲ್ಲಿ ಬರೆದ ಕಾದಂಬರಿ ಇದಕ್ಕೆ ಮೂಲ. ಕಾದಂಬರಿ ನಡೆಯುವುದು ಆಸ್ಟ್ರೇಲಿಯಾದಲ್ಲಿ. 2017ರಲ್ಲಿ ಅಮೆರಿಕದ ಎಚ್‌ಬಿಒ ಚಾನೆಲ್‌ನವರು ಸರಣಿ ಮಾಡಿದಾಗ ಕತೆಯನ್ನು ಕ್ಯಾಲಿಫೋರ್ನಿಯಾದ ಮಾಂಟೆರೇ ಅನ್ನುವ ಸಮುದ್ರ ದಂಡೆಯ ಊರಿಗೆ ತಂದರು. ಮುಂದೆ ಕತೆಯ ಗುಟ್ಟೆಲ್ಲ ಹೇಳುತ್ತೇನೆ. ನೋಡದವರು ಬೇಕಾದರೆ ನೋಡಿ ಬಂದು ಓದಿ.

ನಾನು ಮೊದಲು ಒಬ್ಬಳೇ ನೋಡಿದ್ದೆ. ಮತ್ತೆ ನೋಡಿದ್ದು ದಾವಣಗೆರೆಯಲ್ಲಿ, ಎಂಸಿಸಿ ಬಿ ಬ್ಲಾಕ್‌ನ ದೊಡ್ಡಮ್ಮನ ಮನೆಯಲ್ಲಿ. ಊಟ ಆದ ಮೇಲೆ ಪಕ್ಕದ ಮನೆಯ ಅಕ್ಕಂದಿರೂ ಬಂದು ಕೂರುತ್ತಿದ್ದರು. ದೊಡ್ಡಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ಆಗಾಗ ನಿಲ್ಲಿಸಿ, ಯಾರು ಏನಂದರು ಅಂತ ಹೇಳಬೇಕಿತ್ತು.

ಸೆಲೆಸ್ಟ್ ಅಂತ ಒಬ್ಬಳಿದ್ದಾಳೆ. ನಿಕೋಲ್ ಕಿಡ್ಮನ್ ಮಾಡಿರುವ ಪಾತ್ರ. ಮೊದಲು ವಕೀಲೆಯಾಗಿದ್ದವಳು, ಈಗ ಮನೆಯಲ್ಲಿದ್ದಾಳೆ. ಅವಳಿಗೆ ಅವಳಿ ಗಂಡುಮಕ್ಕಳು. ಗಂಡ ಪೆರ್ರಿ ನೋಡಲು ಚಂದ, ಕೈತುಂಬ ದುಡ್ಡು, ಮಕ್ಕಳ ಜೊತೆ ಕುಣಿದಾಡುತ್ತಾನೆ. ಊರಿನ ಹೆಂಗಸರಿಗೆಲ್ಲ ಈ ಜೋಡಿ ಅಂದ್ರೆ ಸ್ವಲ್ಪ ಹೊಟ್ಟೆಕಿಚ್ಚು. ಅವನ ಕೈ ಇನ್ನೂ ಮೇಲೆ ಎದ್ದಿರಲಿಲ್ಲ, ಅಷ್ಟರಲ್ಲೇ ದೊಡ್ಡಮ್ಮ ಹೇಳಿದರು, “ಇವ ಹೊಡಿತಾನೆ.”

“ಯಾಕ್ ದೊಡ್ಡಮ್ಮ ಹಂಗಂತೀರಿ?”

“ಮಾತಾಡೋಕೆ ಮುಂಚೆ ಆಕಿ ಅವನ ಮುಖ ನೋಡ್ತಾಳೆ. ಬೇಕಾದ್ರೆ ಹಿಂದಕ್ಕೆ ಹಾಕಿ ನೋಡು.”

ಹಿಂದಕ್ಕೆ ಹಾಕಿ ನೋಡಿದೆವು. ಅವರು ಹೇಳಿದ್ದು ಸರಿ ಅನ್ನಿಸಿತು. ಪಕ್ಕದ ಅಕ್ಕ ಒಬ್ಬರು ಸುಮ್ಮನೆ ತಲೆಯಾಡಿಸಿದರು.

ಆಮೇಲೆ ಈ ಕತೆ ನನಗೆ ಬೇರೆ ಥರ ಕಾಣತೊಡಗಿತು. ಸತ್ತವರು ಯಾರು ಅನ್ನುವುದು ನಮ್ಮನ್ನು ಕೂರಿಸಿಡಲು ಇಟ್ಟ ಪ್ರಶ್ನೆ ಅಷ್ಟೇ. ಅದರ ಅಡಿಯಲ್ಲಿ ಇನ್ನೊಂದಿದೆ. ಆ ಮನೆಯೊಳಗೆ ನಡೆಯುವುದು ಯಾರ್‍ಯಾರಿಗೆ ಗೊತ್ತಿತ್ತು? ಗೊತ್ತಿದ್ದವರು ಯಾಕೆ ಬಾಯಿ ಬಿಡಲಿಲ್ಲ?

ಸರಣಿಯನ್ನು ಕಟ್ಟಿದ ರೀತಿಯೇ ಈ ಪ್ರಶ್ನೆಗೆ ದಾರಿ ಮಾಡುತ್ತದೆ. ಕತೆಯ ನಡುನಡುವೆ ಊರಿನ ಜನ ಪೊಲೀಸರ ಮುಂದೆ ಕೂತು ಹೇಳಿಕೆ ಕೊಡುತ್ತಾರೆ. ಯಾರು ಯಾರ ಜೊತೆ ಜಗಳ ಆಡಿದರು, ಯಾರ ಮಗುವಿನ ಹುಟ್ಟುಹಬ್ಬಕ್ಕೆ ಯಾರನ್ನು ಕರೆಯಲಿಲ್ಲ, ಯಾರ ಸಂಸಾರ ಸರಿ ಇಲ್ಲ. ಪುಂಖಾನುಪುಂಖವಾಗಿ ಮಾತು. ಆದರೆ ಹೊಡೆತ ಬೀಳುತ್ತಿದ್ದ ಮನೆಯ ಬಗ್ಗೆ ಯಾರ ಬಾಯಲ್ಲೂ ಒಂದು ಮಾತಿಲ್ಲ. ಇಡೀ ಊರು ಮಾತಾಡುತ್ತಿದೆ, ಮಾತಾಡಬೇಕಾದ್ದು ಮಾತ್ರ ಹೊರಗೆ ಬರುತ್ತಿಲ್ಲ.

ಇನ್ನೊಂದು ಎಳೆ ಮಕ್ಕಳದು. ಶಾಲೆಯಲ್ಲಿ ಒಂದು ಪುಟ್ಟ ಹುಡುಗಿಗೆ ಯಾರೋ ನೋವು ಮಾಡುತ್ತಿದ್ದಾರೆ. ಎಲ್ಲರೂ ಹೊಸದಾಗಿ ಬಂದ, ತಂದೆ ಇಲ್ಲದ ಹುಡುಗನ ಮೇಲೆ ಬೆರಳು ತೋರಿಸುತ್ತಾರೆ. ಕೊನೆಗೆ ನೋಡಿದರೆ ಅದು ಸೆಲೆಸ್ಟ್‌ಳ ಮಗ. ಮಕ್ಕಳಿಗೆ ಏನೂ ಗೊತ್ತಿಲ್ಲ ಅಂತ ಅವಳು ನಂಬಿಕೊಂಡಿರುತ್ತಾಳೆ. ಬಾಗಿಲು ಹಾಕಿಕೊಂಡರೆ ಸಾಕು ಅಂದುಕೊಂಡಿರುತ್ತಾಳೆ. ಮಗು ಎಲ್ಲ ಕೇಳಿಸಿಕೊಂಡಿದೆ, ಕಲಿತೂ ಬಿಟ್ಟಿದೆ. ಈ ಭಾಗ ಬಂದಾಗ ನಾವ್ಯಾರೂ ಮಾತಾಡಲಿಲ್ಲ. ಇಡೀ ಸರಣಿಯಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ್ದು ಇದು.

ಆ ರಾತ್ರಿ ಟಿವಿ ಆರಿಸಿದ ಮೇಲೆ ದೊಡ್ಡಮ್ಮ ತಾವು ಮದುವೆಯಾಗಿ ಬಂದ ಹೊಸದರ ಕತೆ ಹೇಳಿದರು. ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳು ಓಡುತ್ತಿದ್ದ ಕಾಲ. ಮಿಲ್ಲಿಗೆ ಹೋಗುವವರ ಸಾಲು ಮನೆಗಳು. ಒಂದು ಗೋಡೆಗೆ ಎರಡು ಸಂಸಾರ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಇನ್ನೊಂದು ಮನೆಯಲ್ಲಿ ಸೀನು. ಗೋಡೆಯಾಚೆಯ ಮನೆಯವನು ರಾತ್ರಿ ಪಾಳಿ ಮುಗಿಸಿ ಬಂದರೆ ಕೆಲವು ದಿನ ರೇಡಿಯೋ ಜೋರು ಮಾಡುತ್ತಿದ್ದನಂತೆ. ರೇಡಿಯೋ ಜೋರಾಯಿತು ಅಂದರೆ ಸಾಲಿನ ಹೆಂಗಸರಿಗೆಲ್ಲ ಗೊತ್ತು.

ಬೆಳಿಗ್ಗೆ ನಲ್ಲಿಯ ಹತ್ತಿರ ಆ ಹೆಂಗಸು ಬಂದರೆ ಎಲ್ಲರೂ ಸರಿದು ಜಾಗ ಬಿಡುತ್ತಿದ್ದರು. ಅವಳ ಕೊಡ ಯಾರಾದರೂ ತುಂಬಿಸುತ್ತಿದ್ದರು, ಇನ್ಯಾರಾದರೂ ಎತ್ತಿಕೊಂಡು ಹೋಗಿ ಒಳಗಿಡುತ್ತಿದ್ದರು. ಅವಳ ಮಗುವನ್ನು ಕರೆದು ಊಟ ಹಾಕುತ್ತಿದ್ದರು. ಏನಾಯಿತು ಅಂತ ಒಬ್ಬರೂ ಕೇಳುತ್ತಿರಲಿಲ್ಲ. ಅವಳೂ ಹೇಳುತ್ತಿರಲಿಲ್ಲ. ಮುಖ ಊದಿದ್ದರೆ ತಾನಾಗಿಯೇ ಹೇಳುತ್ತಿದ್ದಳಂತೆ, ಬಚ್ಚಲಲ್ಲಿ ಜಾರಿ ಬಿದ್ದೆ ಅಂತ.

“ಕೇಳಿದ್ರೆ ಆಕಿಗೆ ನಾಚ್ಕೆ ಆಗ್ತೈತಿ ಅಂತ ಕೇಳ್ಲಿಲ್ಲ” ಅಂದರು ದೊಡ್ಡಮ್ಮ.

ನಾನು ಈ ಮಾತನ್ನು ತುಂಬ ದಿನ ಯೋಚಿಸಿದ್ದೇನೆ. ಆ ಸಾಲಿನ ಹೆಂಗಸರು ಕೆಟ್ಟವರಲ್ಲ. ಅವರು ತೋರಿಸಿದ ಕಾಳಜಿ ನಿಜವಾದದ್ದು. ಕೊಡ ತುಂಬಿಸಿಕೊಟ್ಟಿದ್ದು ಆ ಬೆಳಗಿನ ಮಟ್ಟಿಗೆ ಅವಳ ಬೆನ್ನು ಉಳಿಸಿತು. ಆದರೆ ನಾಚಿಕೆ ಅವಳದ್ದು ಅಂತ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು. ಹೊಡೆದವನು ಅದೇ ಬೀದಿಯಲ್ಲಿ ನಡೆದು ಹೋಗುವಾಗ ಯಾರೂ ಸರಿದು ನಿಲ್ಲುತ್ತಿರಲಿಲ್ಲ. ಅವನಿಗೆ ನಮಸ್ಕಾರ ಇತ್ತು. ಹೊಡೆತ ಗುಟ್ಟಾಗಿ ಉಳಿದದ್ದು ಅವನ ಜಾಣತನದಿಂದ ಅಲ್ಲ. ಅವನು ಏನನ್ನೂ ಮುಚ್ಚಿಡಲಿಲ್ಲ, ರೇಡಿಯೋ ಜೋರು ಮಾಡಿದ ಅಷ್ಟೇ. ಮುಚ್ಚಿಟ್ಟಿದ್ದು ಬೀದಿಯವರ ಮರ್ಯಾದೆ.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಗಾದೆ ಇದೆಯಲ್ಲ, ಅದನ್ನು ನಾವು ಎಲ್ಲದಕ್ಕೂ ಹಚ್ಚುತ್ತೇವೆ. ಉಪ್ಪು ಜಾಸ್ತಿ ಆಯಿತು ಅನ್ನುವ ಜಗಳಕ್ಕೂ ಅದೇ, ಕೈ ಮುರಿದದ್ದಕ್ಕೂ ಅದೇ.

ಅಂಕಿ ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019ರಿಂದ 21ರವರೆಗೆ ನಡೆಯಿತು. ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಆಗಿದೆ ಅಂದರು. ಅದರ ಹಿಂದಿನ ಸುತ್ತಿನಲ್ಲಿ ಇದು ನೂರಕ್ಕೆ ಸುಮಾರು 21 ಇತ್ತು. ಇಡೀ ದೇಶದ ಲೆಕ್ಕ ನೂರಕ್ಕೆ 29. ನಮ್ಮ ರಾಜ್ಯದಲ್ಲಿ ಲಾಕ್‌ಡೌನ್ ಬರುವ ಮುಂಚೆಯೇ ಈ ಮಾಹಿತಿ ತೆಗೆದುಕೊಂಡಿದ್ದರು. ಹಾಗಾಗಿ ಕೊರೊನಾದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಹೊಡೆತ ಜಾಸ್ತಿಯಾಯಿತೋ, ಹೇಳುವ ಧೈರ್ಯ ಜಾಸ್ತಿಯಾಯಿತೋ, ಎರಡೂ ಇದ್ದೀತು. ಅದೇ ಸಮೀಕ್ಷೆಯಲ್ಲಿ ಯಾವುದೋ ಒಂದು ಕಾರಣಕ್ಕೆ ಗಂಡ ಹೆಂಡತಿಗೆ ಹೊಡೆದರೆ ತಪ್ಪಿಲ್ಲ ಅಂದ ಕರ್ನಾಟಕದ ಹೆಂಗಸರು ನೂರಕ್ಕೆ 77. ಇದನ್ನು ಓದಿದಾಗ ನನಗೆ ಮಿಲ್ಲಿನ ಸಾಲು ಮನೆಗಳು ನೆನಪಾದವು.

ಈ ಸಮೀಕ್ಷೆಯಲ್ಲಿ ಒಂದು ನಿಯಮವಿದೆ. ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಹೆಂಗಸಿಗೆ ಮಾತ್ರ ಕೇಳಬೇಕು. ಅವಳು ಒಬ್ಬಳೇ ಇರಬೇಕು. ಪಕ್ಕದಲ್ಲಿ ಅತ್ತೆಯೋ ಗಂಡನೋ ಇದ್ದು, ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಬಿಡಬೇಕು. ಕೇಳುವವಳು ಕಾಗದ ಹಿಡಿದು ಕೂತಿದ್ದಾಳೆ, ಒಳಗಿನಿಂದ ಅತ್ತೆ ನೀರು ತರುತ್ತಿದ್ದಾರೆ, ಬಾಗಿಲಲ್ಲಿ ಚಪ್ಪಲಿ ಸದ್ದು. ಒಂದು ಪ್ರಶ್ನೆ ಕೇಳಿ ಉತ್ತರ ಪಡೆಯಲು ಇಷ್ಟು ಹುಷಾರಾಗಿರಬೇಕು. ಇದಕ್ಕಿಂತ ದೊಡ್ಡ ಥ್ರಿಲ್ಲರ್ ದೃಶ್ಯ ಯಾವುದಿದೆ ಹೇಳಿ? ಇಷ್ಟಾದರೂ, ಒಟ್ಟು ದೇಶದಲ್ಲಿ ಹಿಂಸೆಗೆ ಒಳಗಾದ ಹೆಂಗಸರಲ್ಲಿ ಸಹಾಯ ಕೇಳಿದವರು ನೂರಕ್ಕೆ 14. ಯಾರಿಗೂ ಹೇಳದೆ, ಸಹಾಯವನ್ನೂ ಕೇಳದೆ ಉಳಿದವರು ನೂರಕ್ಕೆ 77.

ಮನೆಯೊಳಗಿನ ಹಿಂಸೆಯನ್ನು ಥ್ರಿಲ್ಲರ್ ಆಗಿ ಹೇಳುವುದು ಹೊಸದೇನಲ್ಲ. ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲೇ ಲಂಡನ್ ಮನೆಯೊಂದರ ಕತೆಯನ್ನು ‘ಗ್ಯಾಸ್ ಲೈಟ್’ ಅನ್ನುವ ನಾಟಕ ಮಾಡಿದ. ಅದರ ಗಂಡ ವಸ್ತುಗಳನ್ನು ಬಚ್ಚಿಟ್ಟು, ನೀನೇ ಕಳೆದೆ, ನಿನಗೆ ಬುದ್ಧಿ ಕೆಡುತ್ತಿದೆ ಅಂತ ಹೆಂಡತಿಗೆ ಹೇಳುತ್ತಾನೆ. ರಾತ್ರಿ ಹೊರಗೆ ಹೋದವನಂತೆ ಮಾಡಿ ಮೇಲಿನ ಮಹಡಿಗೆ ಸೇರಿ ಒಡವೆ ಹುಡುಕುತ್ತಾನೆ. ಅಲ್ಲಿ ದೀಪ ಹಚ್ಚಿದಾಗ ಕೆಳಗಿನ ಗ್ಯಾಸ್ ದೀಪ ಮಂಕಾಗುತ್ತದೆ. ಹೆಂಡತಿಗೆ ಅದು ಕಾಣುತ್ತದೆ, ಆದರೆ ತನ್ನ ಕಣ್ಣನ್ನು ತಾನೇ ನಂಬಲಾರಳು. ಕೊನೆಗೆ ನಿವೃತ್ತ ಪತ್ತೇದಾರನೊಬ್ಬ ಬರುತ್ತಾನೆ. ದೀಪ ಮಂಕಾಗುವುದನ್ನು ಅವನೂ ನೋಡುತ್ತಾನೆ. ಅಲ್ಲಿಂದ ಅವಳು ಗಟ್ಟಿಯಾಗುತ್ತಾಳೆ. 1944ರಲ್ಲಿ ಇದನ್ನು ಹಾಲಿವುಡ್‌ನಲ್ಲಿ ಸಿನಿಮಾ ಮಾಡಿದಾಗ ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ಬಂತು.

ಬೇಕಾಗಿದ್ದದ್ದು ಇನ್ನೊಂದು ಜೊತೆ ಕಣ್ಣು, ಅಲ್ವಾ? ಹೌದು, ನನಗೂ ಕಾಣಿಸುತ್ತಿದೆ ಅನ್ನುವ ಒಬ್ಬರು. ಆ ಕಾಲದ ನಾಟಕದಲ್ಲಿ ಆ ಒಬ್ಬರು ಗಂಡಸು, ಪೊಲೀಸ್ ಆಗಿದ್ದವನು. ಈಗಿನ ಕತೆಗಳಲ್ಲಿ ಆ ಕೆಲಸ ಹೆಂಗಸರೇ ಮಾಡುತ್ತಾರೆ. ಈ ಬದಲಾವಣೆ ನನಗೆ ಬಹಳ ದೊಡ್ಡದು ಅನ್ನಿಸುತ್ತದೆ.

ನಮ್ಮದು ಕಂಪನಿ ನಾಟಕದ ಊರು. ಚಿಂದೋಡಿ ಲೀಲಾ ಅವರಂಥ ಕಲಾವಿದೆಯನ್ನು ಕಂಡ ಊರು. ಡೇರೆ ಹಾಕಿದರೆ ಸುತ್ತಲಿನ ಹಳ್ಳಿಯವರು ಬಂದು ಕೂತು ನಾಟಕ ನೋಡುತ್ತಿದ್ದರು. ನಾನು ಚಿಕ್ಕವಳಿದ್ದಾಗ ನೋಡಿದ ನಾಟಕಗಳಲ್ಲೂ ಹೊಡೆಯುವ ಗಂಡ ಇರುತ್ತಿದ್ದ. ಕುಡಿದು ಬಂದು ತಾಳಿ ಕಿತ್ತುಕೊಳ್ಳುತ್ತಿದ್ದ. ಡೇರೆಯಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಕೊನೆಯ ದೃಶ್ಯದಲ್ಲಿ ಗಂಡ ಹೆಂಡತಿಯ ಕಾಲಿಗೆ ಬೀಳುವುದು, ಪರದೆ ಬೀಳುವುದು. ಆ ಕಲಾವಿದರ ಶಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಆ ಕೊನೆ ಹೇಳಿಕೊಟ್ಟಿದ್ದು ಒಂದೇ: ಕಾಯುತ್ತಿರು, ಅವನು ಬದಲಾಗುತ್ತಾನೆ. ಥ್ರಿಲ್ಲರ್ ಇದನ್ನು ಹೇಳುವುದಿಲ್ಲ. ಕಾಯುತ್ತಾ ಕೂತರೆ ಏನಾಗಬಹುದು ಅನ್ನುವ ನಿಜವಾದ ಭಯವನ್ನು ಮುಂದಿಡುತ್ತದೆ. ಅದಕ್ಕೇ ಈ ವಿಷಯಕ್ಕೆ ಆ ರೂಪ ಸರಿಹೊಂದುತ್ತದೆ ಅಂತ ನಾನು ನಂಬುತ್ತೇನೆ.

‘ಬಿಗ್ ಲಿಟಲ್ ಲೈಸ್’ನಲ್ಲಿ ಪೆರ್ರಿಯೂ ಪಶ್ಚಾತ್ತಾಪ ಪಡುತ್ತಾನೆ. ಹೊಡೆದ ಮೇಲೆ ಒಡವೆ ತರುತ್ತಾನೆ. ಇಬ್ಬರೂ ಒಟ್ಟಿಗೆ ಆಪ್ತ ಸಲಹೆಗೆ ಹೋಗುತ್ತಾರೆ. ಆಮೇಲೆ ಸೆಲೆಸ್ಟ್ ಒಬ್ಬಳೇ ಹೋಗಲು ಶುರು ಮಾಡುತ್ತಾಳೆ. ಆ ಸಲಹೆಗಾರ್ತಿ ಸುತ್ತಿ ಬಳಸಿ ಮಾತಾಡುವುದಿಲ್ಲ. ಸ್ನೇಹಿತೆಯರಿಗೆ ಹೇಳು, ನಡೆದದ್ದನ್ನು ದಾಖಲು ಮಾಡಿಡು, ಬೇರೆ ಒಂದು ಮನೆ ಬಾಡಿಗೆಗೆ ಹಿಡಿ. ಮುಂದೆ ಮಕ್ಕಳಿಗಾಗಿ ಕೋರ್ಟಿಗೆ ಹೋಗಬೇಕಾಗಿ ಬಂದರೆ, ಯಾರಿಗೂ ಹೇಳಿಲ್ಲದ ಹೊಡೆತವನ್ನು ಯಾರು ನಂಬುತ್ತಾರೆ? ಸೆಲೆಸ್ಟ್ ಮನೆ ಹಿಡಿಯುತ್ತಾಳೆ. ಸಾಮಾನು ತುಂಬಿಸುತ್ತಾಳೆ. ಆ ವಿಷಯ ಅವಳ ಫೋನಿನಿಂದಲೇ ಗಂಡನಿಗೆ ಗೊತ್ತಾಗುತ್ತದೆ. ಬಿಟ್ಟು ಹೋಗುವ ಹೊತ್ತೇ ಅತ್ಯಂತ ಅಪಾಯದ ಹೊತ್ತು. ಸರಣಿ ಇದನ್ನು ಸರಿಯಾಗಿ ಹಿಡಿದಿದೆ.

ಇದನ್ನು ಪಕ್ಕದ ಅಕ್ಕಂದಿರು ನಮ್ಮೂರಿಗೆ ತಂದು ನೋಡಿದ್ದು ನನಗೆ ತುಂಬ ಇಷ್ಟವಾಯಿತು. ಇಲ್ಲಿ ಬೇರೆ ಮನೆ ಹಿಡಿಯುವ ದುಡ್ಡು ಎಲ್ಲಿಂದ? ಆದರೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿಗೆ ಹೆಂಗಸರು ಟಿಕೆಟ್ ದುಡ್ಡು ಕೊಡಬೇಕಿಲ್ಲ, ಆಧಾರ್ ತೋರಿಸಿದರೆ ಆಯಿತು. ತವರಿಗೆ ಹೋಗಲು ಗಂಡನ ಮುಂದೆ ಕೈ ಚಾಚಬೇಕಿಲ್ಲ. ಹಾಗಾದರೆ ಆಧಾರ್ ಎಲ್ಲಿದೆ? ಗಂಡನ ಬೀರುವಿನಲ್ಲಿ. ಗೃಹಲಕ್ಷ್ಮಿಯ 2000 ರೂಪಾಯಿ ಬರುತ್ತದಲ್ಲ? ಮನೆಯ ಯಜಮಾನಿ ಅಂತ ಅತ್ತೆಯ ಹೆಸರಿದ್ದರೆ ಸೊಸೆಗೆ ಬರುವುದಿಲ್ಲ. ತನ್ನ ಹೆಸರಲ್ಲೇ ಇದ್ದರೂ ಬ್ಯಾಂಕಿನ ಒಟಿಪಿ ಯಾರ ಫೋನಿಗೆ ಹೋಗುತ್ತದೆ? ಮಕ್ಕಳ ಜನನ ಪತ್ರ, ತನ್ನ ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡಿನ ಝೆರಾಕ್ಸು. ಇವನ್ನು ಒಂದೊಂದಾಗಿ ಗೆಳತಿಯ ಮನೆಗೆ ಸಾಗಿಸಬೇಕು. ಇಷ್ಟು ಸಾಕು ಒಂದು ಕನ್ನಡ ಥ್ರಿಲ್ಲರಿಗೆ. ಕೊಲೆ ಬೇಕಾಗಿಲ್ಲ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಇಟ್ಟುಕೊಂಡು ಒಬ್ಬಳು ಗೇಟು ದಾಟಬೇಕು. ಯಾರಾದರೂ ಇದನ್ನು ಬರೆಯಲಿ ಅಂತ ಮನಸಾರೆ ಬಯಸುತ್ತೇನೆ.

ಹಾಗೆ ಬರೆಯುವವರು ಕಾನೂನನ್ನೂ ಕತೆಯೊಳಗೆ ತರಲಿ. 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498ಎ ಕಲಮು ಬಂತು. ಹೆಂಡತಿಯನ್ನು ಹಿಂಸಿಸುವ ಗಂಡನಿಗೆ, ಅವನ ಮನೆಯವರಿಗೆ ಶಿಕ್ಷೆ ಕೊಡುವ ಕಾನೂನು ಅದು. 2024ರ ಜುಲೈಯಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಿವೆ. ಜೈಲಿಗೆ ಕಳಿಸುವುದಕ್ಕಿಂತ ಮೊದಲು ಹೊಡೆತ ನಿಲ್ಲಬೇಕು, ತಲೆ ಮೇಲೆ ಸೂರು ಉಳಿಯಬೇಕು ಅನ್ನುವವರಿಗೆ ಬೇಕಾದದ್ದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಬೈಗುಳ, ಬೆದರಿಕೆ, ಸಂಬಳ ಕಿತ್ತುಕೊಳ್ಳುವುದು, ಖರ್ಚಿಗೆ ಕೊಡದೆ ಇರುವುದು ಕೂಡ ಅದರಲ್ಲಿ ಹಿಂಸೆಯೇ. ಹೆಂಡತಿ ಮಾತ್ರ ಅಲ್ಲ, ತಾಯಿ, ಅಕ್ಕತಂಗಿಯರೂ ದೂರು ಕೊಡಬಹುದು. ಅರ್ಜಿ ಹಾಕಿದ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದೊಳಗೆ ತೀರ್ಮಾನ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ನಿಜದಲ್ಲಿ ಎಳೆದಾಡುತ್ತದೆ, ಅದು ಬೇರೆ ನೋವು. ಕೋರ್ಟಿನ ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ. ಮನೆ ಮಾವನ ಹೆಸರಿನಲ್ಲಿದೆ, ಹೊರಗೆ ನಡಿ ಅನ್ನುವ ಮಾತಿಗೂ 2020ರಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ಸಂಸಾರ ಮಾಡಿದ ಮನೆ ಅತ್ತೆ ಮಾವನದ್ದಾದರೂ ಅದರಲ್ಲಿ ಇರುವ ಹಕ್ಕನ್ನು ಅವಳು ಕೇಳಬಹುದು.

ಈ ಕಾಯ್ದೆಯಡಿ ಹಿಂಸೆಯ ದೂರು ತೆಗೆದುಕೊಳ್ಳುವ ರಕ್ಷಣಾಧಿಕಾರಿ ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಅಂಗನವಾಡಿಗಳನ್ನು ನೋಡಿಕೊಳ್ಳುವವರೇ. ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದರೆ ಊರೆಲ್ಲ ನೋಡುತ್ತದೆ. ಮಗುವನ್ನು ಎತ್ತಿಕೊಂಡು ಅಂಗನವಾಡಿಗೆ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿನ ಟೀಚರ್ ಮೂಲಕ ಸುದ್ದಿ ಮುಟ್ಟಿಸಬಹುದು. ಫೋನ್ ಮಾಡುವಂತಿದ್ದರೆ ಮಹಿಳಾ ಸಹಾಯವಾಣಿ 181, ಆ ಕ್ಷಣದ ಅಪಾಯಕ್ಕೆ 112.

ಮತ್ತೆ ಮಾಂಟೆರೇಗೆ ಬರುತ್ತೇನೆ, ಯಾಕೆಂದರೆ ನಮ್ಮಲ್ಲಿ ಜೋರು ವಾದ ಆಗಿದ್ದು ಕೊನೆಯ ಬಗ್ಗೆ. ಪಾರ್ಟಿಯ ರಾತ್ರಿ ಪೆರ್ರಿ ಹೆಂಡತಿಯ ಮೇಲೆ ಅವಳ ಗೆಳತಿಯರ ಎದುರೇ ಬೀಳುತ್ತಾನೆ. ಗೆಳತಿಯರು ಬಿಡಿಸಲು ಹೋಗುತ್ತಾರೆ. ಒಬ್ಬಳು ಓಡಿಬಂದು ತಳ್ಳುತ್ತಾಳೆ, ಅವನು ಮೆಟ್ಟಿಲಿಂದ ಉರುಳಿ ಸಾಯುತ್ತಾನೆ. ಸೆಲೆಸ್ಟ್ ಮತ್ತು ನಾಲ್ವರು ಗೆಳತಿಯರು, ಐವರೂ ಪೊಲೀಸರಿಗೆ ಹೇಳುವುದು ಒಂದೇ ಮಾತು: ಕಾಲು ಜಾರಿ ಬಿದ್ದ. ಮೊದಲ ಸಲ ನೋಡಿದಾಗ ನನಗೆ ಖುಷಿಯಾಗಿತ್ತು. ಹೆಂಗಸರು ಒಗ್ಗಟ್ಟಾದರು ಅನ್ನಿಸಿತ್ತು. ದೊಡ್ಡಮ್ಮ ಒಪ್ಪಲೇ ಇಲ್ಲ. “ತಳ್ಳಿದ್ದು ಬಿಡು. ಜಾರಿ ಬಿದ್ದ ಅಂದ್ರೆ ಅವ ಒಳ್ಳೇವನಾಗೇ ಸತ್ತಂಗಾತು.”

ಅವರು ಹೇಳಿದ್ದರಲ್ಲಿ ತಿರುಳಿದೆ. ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನುವ ಮಾತು ಮಿಲ್ಲಿನ ಸಾಲಿನ ಆ ಗಂಡನನ್ನು ಕಾಪಾಡಿತ್ತು. ಇಲ್ಲಿ ಪೆರ್ರಿಯೇ ಜಾರಿ ಬಿದ್ದ ಅನ್ನುವ ಮಾತು, ಸತ್ತ ಮೇಲೂ ಅವನನ್ನು ಕಾಪಾಡುತ್ತದೆ. ಆ ಹೊಡೆತಗಳು ಯಾವ ಕಾಗದದಲ್ಲೂ ಬರಲಿಲ್ಲ. 2019ರಲ್ಲಿ ಬಂದ ಎರಡನೇ ಭಾಗ ಇದನ್ನೇ ತೋರಿಸುತ್ತದೆ. ಪೆರ್ರಿಯ ತಾಯಿ ಬರುತ್ತಾಳೆ. ಮೆರಿಲ್ ಸ್ಟ್ರೀಪ್ ಆ ಪಾತ್ರ. ನನ್ನ ಮಗ ಅಂಥವನಲ್ಲ ಅನ್ನುತ್ತಾಳೆ. ಮೊಮ್ಮಕ್ಕಳನ್ನು ಕೊಡಿ ಅಂತ ಕೋರ್ಟಿಗೆ ಹೋಗುತ್ತಾಳೆ. ಸಲಹೆಗಾರ್ತಿ ಹೆದರಿಸಿದ್ದು ಬೇರೆ ದಾರಿಯಲ್ಲಿ ನಿಜವಾಗುತ್ತದೆ. ಅಲ್ಲಿ ಸೆಲೆಸ್ಟ್ ತನ್ನ ಪರವಾಗಿ ತಾನೇ ಪ್ರಶ್ನೆ ಕೇಳಲು ಎದ್ದು ನಿಲ್ಲುತ್ತಾಳೆ. ಮಕ್ಕಳು ತೆಗೆದಿದ್ದ ಒಂದು ವಿಡಿಯೋ, ಅದರಲ್ಲಿ ಅಪ್ಪ ಅಮ್ಮನಿಗೆ ಹೊಡೆಯುವುದು, ಎಲ್ಲರ ಮುಂದೆ ಬರುತ್ತದೆ. ಮಕ್ಕಳಿಗೆ ಗೊತ್ತಿದ್ದದ್ದು ಕೋರ್ಟಿಗೂ ಗೊತ್ತಾಗುತ್ತದೆ. ಕೊನೆಯ ದೃಶ್ಯದಲ್ಲಿ ಐವರೂ ಪೊಲೀಸ್ ಠಾಣೆಗೆ ನಡೆಯುತ್ತಾರೆ. ಎರಡನೇ ಭಾಗ ಮೊದಲನೆಯದರಷ್ಟು ಬಿಗಿಯಾಗಿಲ್ಲ, ಆದರೆ ಈ ನಡಿಗೆಗಾಗಿ ಅದನ್ನು ನೋಡಲೇಬೇಕು.

2005ರ ಕಾಯ್ದೆಯ ನಾಲ್ಕನೇ ಕಲಮನ್ನು ನಾನು ಅವತ್ತು ಎಲ್ಲರಿಗೂ ಓದಿ ಹೇಳಿದೆ. ಹಿಂಸೆ ನಡೆಯುತ್ತಿದೆ ಅಂತ ನಂಬಲು ಕಾರಣ ಇರುವ ಯಾರೇ ಆಗಲಿ ರಕ್ಷಣಾಧಿಕಾರಿಗೆ ತಿಳಿಸಬಹುದು. ಹೆಂಡತಿಯೇ ಬರಬೇಕು ಅಂತಿಲ್ಲ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವ ಹಾಗಿಲ್ಲ. ಪಕ್ಕದ ಮನೆಯವರನ್ನು ನೆನಪಿಟ್ಟುಕೊಂಡು ಬರೆದ ಕಲಮು ಇದು.

ಅಕ್ಕಂದಿರಲ್ಲಿ ಒಬ್ಬರು, ನಮ್ಮ ಹಿಂದಿನ ಸಾಲಿನಲ್ಲೂ ಒಂದು ಮನೆ ಐತಿ, ಟಿವಿ ಜೋರು ಮಾಡ್ತಾರೆ ಅಂದರು. ಈಗಲೇ 181ಕ್ಕೆ ಹೇಳಲಾ ಅಂತ ನನ್ನ ಕಡೆ ನೋಡಿದರು. ನನಗಿಂತ ಮೊದಲು ದೊಡ್ಡಮ್ಮ ಮಾತಾಡಿದರು.

“ಜೀವಕ್ಕೇ ಬಂತು ಅನ್ನಂಗಿದ್ರೆ ಯಾರನ್ನೂ ಕೇಳಬ್ಯಾಡ, ಫೋನ್ ಮಾಡು. ಇಲ್ಲಾಂದ್ರೆ ಮೊದ್ಲು ಆಕಿನ್ನ ಕೇಳು. ಆಮ್ಯಾಲೆ ಮನ್ಯಾಗ ಅವನ ಜೊತಿ ಇರೋದು ಆಕಿ, ನೀನಲ್ಲ. ಅವ ಇಲ್ದಾಗ ಹೋಗು. ಹೊಡಿತಾನಾ ಅಂತ ಕೇಳಬ್ಯಾಡ, ಇಲ್ಲ ಅಂತಾಳೆ. ನಿನ್ನೆ ರಾತ್ರಿ ನಂಗೆ ಕೇಳಿಸ್ತು ಅಂತ ಹೇಳು.”

ಅವರ ಮನೆಯವರು ಹತ್ತು ಗಂಟೆಗೆ ಅಂಗಡಿಗೆ ಹೋಗ್ತಾರೆ, ಹತ್ತೂವರೆಗೆ ಹೋಗ್ತೀನಿ ಅಂದರು ಆ ಅಕ್ಕ.